ಟ್ಯೂಬ್‌ಲೆಸ್ ಟೈರಿನ ಪಂಚರ್ ಪ್ಲಗ್: ಎಷ್ಟು ದಿನ ನಂಬಬಹುದು?

ಟ್ಯೂಬ್ ಇಲ್ಲದ ಟೈರಿಗೆ ಮೊಳೆ ಹೊಕ್ಕು ಆದ ತೂತನ್ನು ರಬ್ಬರಿನಿಂದ ತುಂಬಿ ಗಾಳಿ ನಿಲ್ಲಿಸುವುದಕ್ಕೆ ಪ್ಲಗ್ ಹಾಕುವುದು ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಟೈರನ್ನು ಕಳಚದೆ ಹೊರಗಿನಿಂದಲೇ ಚುಚ್ಚಿ ತುರುಕುವ ಅಂಟುಹುರಿ ಒಂದು. ಪಂಚರ್ ಅಂಗಡಿಯಲ್ಲಿ ಇದರ ಹೆಸರು ಸ್ಟ್ರಿಪ್. ಟೈರನ್ನು ರಿಮ್ಮಿನಿಂದ ಬಿಚ್ಚಿ, ಒಳಗಿನಿಂದ ಹೊರಕ್ಕೆ ಎಳೆದು ಕೂರಿಸುವ ಮಶ್ರೂಮ್ ಪ್ಯಾಚ್ ಇನ್ನೊಂದು.

ಕೊಪ್ಪ ತಾಲ್ಲೂಕಿನ ಕಮ್ಮರಡಿಯಂಥ ಊರಿನಲ್ಲಿ ಕಾರು ಇಟ್ಟುಕೊಂಡವರಿಗೆ ಇವೆರಡರ ವ್ಯತ್ಯಾಸ ತಿಳಿದಿರಬೇಕು. ಇಲ್ಲಿಂದ ಹೊರಟ ಕಾರು ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಯ ಪೇಟೆಗೆ ಹೋಗುತ್ತದೆ. ಆಗುಂಬೆ ಘಟ್ಟ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗುತ್ತದೆ. ಹಬ್ಬ ಮುಗಿಸಿಕೊಂಡು ಬೆಂಗಳೂರಿಗೆ ಹೋಗುತ್ತದೆ. ಪಂಚರ್ ಆದ ಕಡೆಯೇ ಅಂಗಡಿ ಇರುತ್ತದೆಂಬ ಭರವಸೆ ಕಾಡು, ತೋಟ, ಘಟ್ಟದ ನಡುವಿನ ದಾರಿಗಳಲ್ಲಿ ಇಲ್ಲ.

ಹಾಕಿಸಿದ ಪ್ಲಗ್ ಎಷ್ಟು ದಿನ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಸಂಜೆಯೊಳಗೆ ಗಾಳಿ ಬಿಡುವ ಸ್ಟ್ರಿಪ್ಪೂ ಉಂಟು, ಟೈರು ಸವೆದು ಎಸೆಯುವ ತನಕ ಅಲುಗದೆ ಕೂತ ಸ್ಟ್ರಿಪ್ಪೂ ಉಂಟು. ಇದನ್ನು ತೀರ್ಮಾನಿಸುವುದು ಮುಖ್ಯವಾಗಿ ಮೂರು ಸಂಗತಿ: ತೂತು ಟೈರಿನ ಯಾವ ಭಾಗದಲ್ಲಿದೆ, ಗಾಳಿ ಇಳಿದ ಮೇಲೆ ಕಾರು ಎಷ್ಟು ಓಡಿದೆ, ಟೈರಿನ ಒಳಮೈಯನ್ನು ಯಾರಾದರೂ ನೋಡಿದ್ದಾರೆಯೇ.

## ಟೈರಿನ ಒಳಗೆ ಏನಿದೆ

ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗಾಳಿ ಹಿಡಿದಿಡುವ ಕೆಲಸ ಒಳಗಿನ ಟ್ಯೂಬಿನದಾಗಿತ್ತು. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1947ರಲ್ಲಿ ಟ್ಯೂಬ್‌ಲೆಸ್ ಟೈರನ್ನು ಪ್ರಕಟಿಸಿತು. ಪೇಟೆಂಟ್ ಸಿಕ್ಕಿದ್ದು 1952ರಲ್ಲಿ. 1955ರ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಅದೇ ವಾಡಿಕೆಯಾಯಿತು. ಇಂದು ನಮ್ಮಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೂ ಟ್ಯೂಬ್‌ಲೆಸ್ ರೇಡಿಯಲ್ ಟೈರೇ ಬರುತ್ತದೆ.

ಇಂಥ ಟೈರಿನ ಅತಿ ಒಳಗಿನ ಪದರ ಬ್ಯುಟೈಲ್ ಜಾತಿಯ ರಬ್ಬರಿನ ತೆಳು ಹಾಳೆ. ಗಾಳಿ ಸೋರದಂತೆ ತಡೆಯುವುದು ಅದೇ. ಅದರ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯ್ದ ಪಾಲಿಯೆಸ್ಟರ್ ದಾರಗಳ ಪದರ. ನೆಲಕ್ಕೆ ತಾಗುವ ಭಾಗದ ಅಡಿಯಲ್ಲಿ ಸಣ್ಣ ಉಕ್ಕಿನ ತಂತಿ ಹೆಣೆದ ಎರಡು ಬೆಲ್ಟು. ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣುವ ಟ್ರೆಡ್. ಹೊಸ ಕಾರಿನ ಟೈರಿನಲ್ಲಿ ಟ್ರೆಡ್ಡಿನ ತೋಡು ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ, ಅದು 1.6 ಮಿಲಿಮೀಟರಿಗೆ ಇಳಿದಾಗ ತೋಡಿನೊಳಗಿನ ಸವೆತದ ಗುರುತು ಟ್ರೆಡ್ಡಿನ ಮಟ್ಟಕ್ಕೆ ಬರುತ್ತದೆ. ಆಮೇಲೆ ಆ ಟೈರಿಗೆ ಪಂಚರ್ ಹಾಕಿಸುವ ಮಾತೇ ಇಲ್ಲ.

ಮೊಳೆ ಹೊಕ್ಕಾಗ ಟ್ಯೂಬ್ ಇರುವ ಟೈರು ಬೇಗ ಕೂರುತ್ತದೆ. ಟ್ಯೂಬ್‌ಲೆಸ್ಸಿನಲ್ಲಿ ರಬ್ಬರು ಮೊಳೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ಗಾಳಿ ನಿಧಾನವಾಗಿ ಇಳಿಯುತ್ತದೆ, ಕೆಲವೊಮ್ಮೆ ವಾರವಾದರೂ ಗೊತ್ತಾಗುವುದಿಲ್ಲ. ಅನುಕೂಲವೂ ಇದೇ, ಅಪಾಯವೂ ಇದೇ. ಅರ್ಧ ಗಾಳಿಯಲ್ಲಿ ಓಡಿದ ಟೈರಿನ ಬದಿಗಳು ಒಳಗೊಳಗೇ ಜಜ್ಜಿಹೋಗುತ್ತವೆ.

ಹೀಗಾಗಿ ಒಳ್ಳೆಯ ರಿಪೇರಿ ಎರಡು ಕೆಲಸ ಮಾಡಬೇಕು. ಮೊಳೆ ಕೊರೆದ ದಾರಿಯನ್ನು ತುಂಬಿ ನೀರು ಉಕ್ಕಿನ ತಂತಿಗೆ ತಲುಪದಂತೆ ತಡೆಯಬೇಕು. ಒಳಪದರವನ್ನು ಮುಚ್ಚಿ ಗಾಳಿ ಟೈರಿನ ಪದರಗಳ ಸಂದಿಗೆ ನುಗ್ಗದಂತೆ ನೋಡಿಕೊಳ್ಳಬೇಕು.

## ಮಲೆನಾಡಿನಲ್ಲಿ ಮೊಳೆ ಬರುವುದೆಲ್ಲಿಂದ

ಹೆದ್ದಾರಿಯಲ್ಲಿ ಮೊಳೆ ಬೀಳುವುದು ಲಾರಿಗಳಿಂದ, ಗುಜರಿ ಸಾಗಿಸುವ ಗಾಡಿಗಳಿಂದ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೆನೆಡಿಕ್ಟ್ ಜೆಬಕುಮಾರ್ ಎಂಬ ಎಂಜಿನಿಯರ್ ಮ್ಯಾಗ್ನೆಟ್ ಕಟ್ಟಿದ ಕೋಲು ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿ ಕಳೆದ ದಶಕದಲ್ಲಿ ಸುದ್ದಿಯಾಗಿದ್ದರು. ಅಲ್ಲಿ ಬೇಕೆಂದೇ ಮೊಳೆ ಎರಚುತ್ತಾರೆ ಎಂಬ ಅನುಮಾನವಿತ್ತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮೊಳೆ ಬಹುತೇಕ ಮನೆಯಂಗಳದ್ದೇ. ಮಳೆಗಾಲಕ್ಕೆ ಮುಂಚೆ ಹಂಚಿನ ಮಾಡು ಬಿಚ್ಚಿ ರೀಪು ಬದಲಿಸಿದಾಗ ಉದುರಿದ್ದು, ಅಡಕೆ ಒಣಗಿಸಲು ಕಟ್ಟಿದ ಚಪ್ಪರ ಕಿತ್ತಾಗ ಮಣ್ಣಿನಲ್ಲಿ ಉಳಿದದ್ದು, ಬೇಲಿಯ ಮುಳ್ಳುತಂತಿ ಕತ್ತರಿಸಿದಾಗ ಬಿದ್ದ ತುಂಡು. ತೋಟದ ರಸ್ತೆಯಲ್ಲಿ ಮೊಳೆಗಿಂತ ಕೆಟ್ಟದ್ದು ಓರೆಯಾಗಿ ಕಡಿದ ಬಿದಿರಿನ, ಲಂಟಾನದ ಕೂಳೆ ಮತ್ತು ಚೂಪು ಅಂಚಿನ ಜಲ್ಲಿ. ಮೊಳೆ ಟ್ರೆಡ್ಡಿಗೆ ಹೊಕ್ಕರೆ ಇವು ಟೈರಿನ ಬದಿಯನ್ನು ಸೀಳುತ್ತವೆ; ಸೀಳಿದ ಬದಿಗೆ ಯಾವ ಪ್ಲಗ್ಗೂ ಮದ್ದಲ್ಲ.

ಮಳೆಗಾಲದಲ್ಲಿ ಪಂಚರ್ ಹೆಚ್ಚು ಎನ್ನುವ ಮಾತಿಗೆ ಕಾರಣವಿದೆ. ಒದ್ದೆಯಾದ ರಬ್ಬರನ್ನು ಚೂಪು ವಸ್ತು ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ಯುತ್ತದೆ. ಜೊತೆಗೆ ಹರಿಯುವ ನೀರು ಅಂಚಿನ ಮಣ್ಣು ಕೊಚ್ಚಿ, ಹೂತಿದ್ದ ಕಲ್ಲನ್ನೂ ಕಬ್ಬಿಣವನ್ನೂ ರಸ್ತೆಗೆ ತಂದುಹಾಕುತ್ತದೆ.

## ಸ್ಟ್ರಿಪ್ ಹಾಕುವ ಕ್ರಮ

ಸ್ಟ್ರಿಪ್ ಎಂದರೆ ದಾರವನ್ನು ಹೊಸೆದು, ಹಸಿ ರಬ್ಬರಿನ ಅಂಟಿನಲ್ಲಿ ನೆನೆಸಿದ ಕಂದು ಬಣ್ಣದ ಹುರಿ. ಕಿಟ್ಟಿನಲ್ಲಿ ಅದರ ಜೊತೆಗೆ ಟಿ ಆಕಾರದ ಹಿಡಿಯುಳ್ಳ ಎರಡು ಸಲಕರಣೆ ಇರುತ್ತವೆ: ತೂತನ್ನು ಉಜ್ಜುವ ಅರದಂಥ ಕಡ್ಡಿ ಮತ್ತು ಹುರಿ ಪೋಣಿಸುವ ಕಣ್ಣುಳ್ಳ ದಪ್ಪ ಸೂಜಿ. ಅಂಟಿಸುವ ದ್ರವದ ಸಣ್ಣ ಟ್ಯೂಬೂ ಇರಬಹುದು. ಅಂಗಡಿಯವರು ಅದಕ್ಕೆ ಸಲ್ಯೂಷನ್ ಎನ್ನುತ್ತಾರೆ.

ಮೊದಲು ಸಾಬೂನು ನೀರು ಸುರಿದು ಗುಳ್ಳೆ ಏಳುವ ಜಾಗ ಹುಡುಕಬೇಕು. ಒಂದು ಮೊಳೆ ಕಂಡಿತೆಂದು ಹುಡುಕುವುದನ್ನು ನಿಲ್ಲಿಸಬಾರದು. ವಾಲ್ವಿನ ಬುಡ, ರಿಮ್ಮಿನ ಅಂಚನ್ನೂ ನೋಡಬೇಕು. ಗುಂಡಿಗೆ ಬಿದ್ದು ರಿಮ್ಮು ಬಾಗಿದ್ದರೆ ಅಲ್ಲಿಂದಲೂ ಗಾಳಿ ಸೋರುತ್ತದೆ, ಎಷ್ಟು ಪ್ಲಗ್ ಹಾಕಿದರೂ ನಿಲ್ಲುವುದಿಲ್ಲ.

ಮೊಳೆಯನ್ನು ಇಕ್ಕಳದಿಂದ ಕೀಳುವಾಗ ಅದು ನೇರ ಹೋಗಿದೆಯೋ ಓರೆಯಾಗಿ ಹೋಗಿದೆಯೋ ಗಮನಿಸಬೇಕು. ಅರದ ಕಡ್ಡಿಯನ್ನು ಅದೇ ಓರೆಯಲ್ಲಿ ತಳ್ಳಿ ನಾಲ್ಕಾರು ಸಲ ಹಿಂದೆಮುಂದೆ ಆಡಿಸಿದರೆ ತೂತಿನ ಗೋಡೆ ಒರಟಾಗುತ್ತದೆ, ಅಂಟು ಹಿಡಿಯುತ್ತದೆ. ಅವಸರದಲ್ಲಿ ಬೇರೆ ದಿಕ್ಕಿಗೆ ತಳ್ಳಿದರೆ ಎರಡನೆಯ ದಾರಿ ಕೊರೆದಂತೆ. ಆಮೇಲೆ ಸೂಜಿಯ ಕಣ್ಣಿಗೆ ಹುರಿಯನ್ನು ನಡುವಿಗೆ ಪೋಣಿಸಿ, ಸಲ್ಯೂಷನ್ ಸವರಿ, ಎರಡೂ ತುದಿ ಸುಮಾರು ಒಂದು ಸೆಂಟಿಮೀಟರ್ ಹೊರಗೆ ಉಳಿಯುವಷ್ಟು ಒಳಗೆ ತಳ್ಳಿ, ಸೂಜಿಯನ್ನು ಒಂದೇ ಸೆಳೆತಕ್ಕೆ ಈಚೆಗೆ ಎಳೆಯಬೇಕು. ಮಡಿಕೆಯಾದ ಹುರಿ ಒಳಗೆ ಗಂಟಿನಂತೆ ನಿಲ್ಲುತ್ತದೆ. ಹೊರಗಿನ ತುದಿಯನ್ನು ಟ್ರೆಡ್ಡಿನ ಮಟ್ಟಕ್ಕಿಂತ ಸ್ವಲ್ಪ ಬಿಟ್ಟು ಕತ್ತರಿಸಬೇಕು, ಎಳೆದು ಕತ್ತರಿಸಬಾರದು. ಗಾಳಿ ತುಂಬಿ ಮತ್ತೊಮ್ಮೆ ಸಾಬೂನು ನೀರು ಹಾಕಿ ಗುಳ್ಳೆ ಏಳದಿದ್ದರೆ ಕೆಲಸ ಮುಗಿದಂತೆ.

ಇಷ್ಟಕ್ಕೆ ಚಕ್ರ ಬಿಚ್ಚಬೇಕಿಲ್ಲ, ಹದಿನೈದು ನಿಮಿಷ ಸಾಕು, ಖರ್ಚೂ ಕಡಿಮೆ. ಅಂಗಡಿಗಳಲ್ಲಿ ಇದೇ ಹೆಚ್ಚು ಚಾಲ್ತಿಯಲ್ಲಿರುವುದು ಆ ಕಾರಣಕ್ಕೆ.

## ಮಶ್ರೂಮ್ ಪ್ಯಾಚ್

ಇದಕ್ಕೆ ಅಗಲ ತಲೆ, ಉದ್ದ ಕಾಲು. ಟೈರನ್ನು ಯಂತ್ರದಲ್ಲಿ ರಿಮ್ಮಿನಿಂದ ಕಳಚಿ, ತೂತನ್ನು ಕೊರೆದು ಶುಚಿ ಮಾಡಿ, ಸುತ್ತಲಿನ ಒಳಪದರವನ್ನು ಹಗುರಾಗಿ ಉಜ್ಜಿ, ಸಲ್ಯೂಷನ್ ಸವರಿ ಒಣಗಲು ಬಿಡುತ್ತಾರೆ. ಕಾಲನ್ನು ಒಳಗಿನಿಂದ ಹೊರಕ್ಕೆ ಎಳೆದಾಗ ತಲೆ ಒಳಮೈಗೆ ಕೂರುತ್ತದೆ. ಹಲ್ಲಿನ ಉರುಳೆಯಿಂದ ತಲೆಯನ್ನು ಒತ್ತಿ, ಹೊರಗೆ ಉಳಿದ ಕಾಲನ್ನು ಕತ್ತರಿಸಿ, ಟೈರು ಕೂರಿಸಿ, ಚಕ್ರವನ್ನು ಬ್ಯಾಲೆನ್ಸ್ ಮಾಡಿದರೆ ರಿಪೇರಿ ಪೂರ್ತಿ. ಕಾಲು ದಾರಿಯನ್ನು ತುಂಬಿತು, ತಲೆ ಒಳಪದರವನ್ನು ಮುಚ್ಚಿತು: ಎರಡೂ ಕೆಲಸ ಆಯಿತು.

ಅಂಟು ಒಣಗುವ ಮೊದಲೇ ಒತ್ತಿದರೆ, ಉಜ್ಜುವಾಗ ಒಳಪದರವೇ ಹರಿದುಹೋದರೆ ಮಶ್ರೂಮ್ ಕೂಡ ಸೋರುತ್ತದೆ. ದರ ಸ್ಟ್ರಿಪ್ಪಿಗಿಂತ ಹಲವು ಪಟ್ಟು. ಆದರೆ ಆ ದುಡ್ಡಿಗೆ ಸಿಗುವುದು ಬರೀ ಪ್ಯಾಚ್ ಅಲ್ಲ. ಟೈರಿನ ಒಳಮೈಯ ತಪಾಸಣೆಯೂ ಸಿಗುತ್ತದೆ. ಒಳಗೆ ಕರಿ ರಬ್ಬರಿನ ಪುಡಿ ಉದುರಿದ್ದರೆ, ಬದಿಯ ಸುತ್ತ ಉಂಗುರದಂತೆ ಸವೆದ ಗೆರೆ ಇದ್ದರೆ, ದಾರದ ಪದರ ಕಾಣುತ್ತಿದ್ದರೆ ಆ ಟೈರು ಗಾಳಿಯಿಲ್ಲದೆ ಓಡಿ ಸತ್ತಿದೆ ಎಂದೇ ಅರ್ಥ. ಹೊರಗಿನಿಂದ ಇದು ಯಾವುದೂ ಕಾಣದು. ಸ್ಟ್ರಿಪ್ ಹಾಕಿದವರಿಗೆ ತಿಳಿಯದೇ ಹೋಗುವುದು ಇದೇ.

## ಬಾಳಿಕೆ ಎಷ್ಟು

ಅಮೆರಿಕದ ಟೈರು ತಯಾರಕರ ಸಂಘದ ಸೂಚನೆ ಸ್ಪಷ್ಟ: ಬರೀ ಪ್ಲಗ್ ಅಥವಾ ಬರೀ ಪ್ಯಾಚ್ ಪೂರ್ಣ ರಿಪೇರಿ ಎನಿಸದು; ಟೈರು ಕಳಚಿ ಒಳಗೆ ನೋಡಿ ಎರಡನ್ನೂ ಸೇರಿಸಿ ಮಾಡಬೇಕು; ತೂತು ಟ್ರೆಡ್ಡಿನ ಭಾಗದಲ್ಲಿರಬೇಕು, ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ಮೀರಿರಬಾರದು. ಬ್ರಿಟನ್ನಿನ ಬಿ.ಎಸ್. ಎ.ಯು. 159 ಮಾನದಂಡವೂ ಸಣ್ಣ ರಿಪೇರಿಯನ್ನು ಟ್ರೆಡ್ಡಿನ ನಡುವಿನ ಮುಕ್ಕಾಲು ಭಾಗಕ್ಕೆ ಸೀಮಿತಗೊಳಿಸುತ್ತದೆ. ಈ ಲೆಕ್ಕದಲ್ಲಿ ಸ್ಟ್ರಿಪ್ ತಾತ್ಕಾಲಿಕ, ಮಶ್ರೂಮ್ ಕಾಯಂ.

ನಮ್ಮ ರಸ್ತೆಗಳಲ್ಲಿ ಮಾತ್ರ ಸ್ಟ್ರಿಪ್ ಹಾಕಿದ ಟೈರುಗಳು ವರ್ಷಗಟ್ಟಲೆ ಓಡುತ್ತಿರುತ್ತವೆ. ಸ್ಟ್ರಿಪ್ ಅಷ್ಟು ಕಾಲ ಹೇಗೆ ಬಾಳುತ್ತದೆ ಎಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. 4 ಮಿಲಿಮೀಟರ್ ಅಗಲದ ತೂತಿನ ಮೇಲೆ 33 ಪಿ.ಎಸ್.ಐ. ಗಾಳಿ ಹಾಕುವ ಬಲ ಸುಮಾರು 300 ಗ್ರಾಂ ತೂಕದಷ್ಟು ಮಾತ್ರ. ಸುತ್ತಲಿನ ರಬ್ಬರಿನ ಹಿಡಿತದ ಮುಂದೆ ಅದು ಏನೇನೂ ಅಲ್ಲ. ಸರಿಯಾಗಿ ಕೂತ ಹುರಿಯನ್ನು ಗಾಳಿ ಹೊರಗೆ ಚಿಮ್ಮಿಸುವುದಿಲ್ಲ.

ಅದನ್ನು ಸವೆಸುವುದು ಮಡಿಚುವಿಕೆ. 185/65 ಆರ್15 ಅಳತೆಯ ಟೈರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಕಿಲೋಮೀಟರಿಗೆ ಅದು 500ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. 10,000 ಕಿಲೋಮೀಟರ್ ಓಡುವಷ್ಟರಲ್ಲಿ ತೂತಿರುವ ಜಾಗ ನೆಲಕ್ಕೆ 50 ಲಕ್ಷ ಸಲ ಒತ್ತಿ ಬಿಡುಗಡೆಯಾಗಿರುತ್ತದೆ. ಟ್ರೆಡ್ಡಿನ ನಡುಭಾಗ ಬೆಲ್ಟಿನ ಆಸರೆಯಿಂದ ಗಟ್ಟಿಯಾಗಿರುವುದರಿಂದ ಅಲ್ಲಿ ಹುರಿ ಹೆಚ್ಚು ಅಲುಗದು. ಭುಜದ ಕಡೆಗೆ, ಅಂದರೆ ಟ್ರೆಡ್ಡು ಬದಿಯನ್ನು ಕೂಡುವ ಅಂಚಿಗೆ, ಹೋದಷ್ಟೂ ಅಲುಗಾಟ ಹೆಚ್ಚು. ಮೊಳೆ ಹೊಕ್ಕಾಗ ಮುರಿದ ಉಕ್ಕಿನ ತಂತಿಯ ತುದಿ ಆ ಅಲುಗಾಟದಲ್ಲಿ ಹುರಿಯನ್ನು ಕೊಯ್ಯುತ್ತಾ ಹೋಗುತ್ತದೆ.

ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ: ಟ್ರೆಡ್ಡಿನ ನಡುವೆ, ನೇರ ಹೊಕ್ಕ ಸಣ್ಣ ಮೊಳೆ, ಗಾಳಿ ಪೂರ್ತಿ ಇಳಿಯುವ ಮೊದಲೇ ಗೊತ್ತಾಗಿದ್ದರೆ ಸ್ಟ್ರಿಪ್ ದೀರ್ಘ ಕಾಲ ನಿಲ್ಲುವ ಸಂಭವ ಹೆಚ್ಚು. ಓರೆ ತೂತು, ದೊಡ್ಡ ಸ್ಕ್ರೂ, ಎರಡು ಸ್ಟ್ರಿಪ್ ಜೋಡಿಸಿ ತುರುಕಿದ ರಂಧ್ರ, ಭುಜದ ಅಂಚು ಇವಕ್ಕೆ ಹಾಕಿದ ಸ್ಟ್ರಿಪ್ ಅಂಗಡಿಯವರೆಗೆ ತಲುಪಿಸಿದರೆ ಸಾಕು ಎಂದುಕೊಳ್ಳಬೇಕು. ಕೆಟ್ಟ ಸ್ಟ್ರಿಪ್ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ನಿಧಾನವಾಗಿ ಗಾಳಿ ಬಿಟ್ಟು ಗುಟ್ಟು ಹೇಳಿಬಿಡುತ್ತದೆ.

## ಮಳೆ, ಘಟ್ಟ, ಹೊರೆ

ಮಲೆನಾಡಿನಲ್ಲಿ ಪ್ಲಗ್ಗಿಗೆ ಮೂರು ಪರೀಕ್ಷೆ.

ಮೊದಲನೆಯದು ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಸುತ್ತಲಿನ ಸೀಮೆಯಲ್ಲೂ ಜೂನಿನಿಂದ ಸೆಪ್ಟೆಂಬರಿನ ತನಕ ಚಕ್ರ ಒಣಗುವುದೇ ಕಷ್ಟ. ಹುರಿ ತೂತನ್ನು ಸರಿಯಾಗಿ ತುಂಬದಿದ್ದರೆ ಸಂದಿಯಲ್ಲಿ ನೀರು ಇಳಿದು ಉಕ್ಕಿನ ಬೆಲ್ಟು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ, ಟ್ರೆಡ್ಡು ಅಲ್ಲಿ ಉಬ್ಬುತ್ತದೆ. ಗಾಳಿ ಒಂದಿಷ್ಟೂ ಇಳಿಯದೆ ಟೈರು ಒಳಗೇ ಹಾಳಾಗುವ ಬಗೆ ಇದು. ಬೇಸಿಗೆಯಲ್ಲಿ ಹಾಕಿಸಿದ ಸ್ಟ್ರಿಪ್ಪನ್ನು ಮಳೆಗಾಲಕ್ಕೆ ಮೊದಲು ಮಶ್ರೂಮಿಗೆ ಬದಲಿಸುವುದು ಇಲ್ಲಿ ಬುದ್ಧಿವಂತಿಕೆ.

ಎರಡನೆಯದು ಘಟ್ಟ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಹೊರಬದಿಯ ಚಕ್ರದ ಭುಜದ ಮೇಲೆ ಭಾರ ಬೀಳುತ್ತದೆ; ಇಳಿಜಾರಿನ ಬ್ರೇಕಿನ ಬಿಸಿ ರಿಮ್ಮಿಗೂ ಹರಡುತ್ತದೆ. ಭುಜದ ಬಳಿಯ ಸ್ಟ್ರಿಪ್ ಊರೊಳಗೆ ಸುಮ್ಮನಿದ್ದು ಘಟ್ಟದಲ್ಲಿ ಬಾಯಿ ಬಿಡುವುದು ಇದರಿಂದ.

ಮೂರನೆಯದು ಹೊರೆ ಮತ್ತು ವೇಗ. ಅಡಕೆ ಮೂಟೆ ಹೇರಿದ ಪಿಕಪ್ಪು, ಏಳು ಜನ ಕೂತು ಸಾಮಾನು ತುಂಬಿದ ಕಾರು ಟೈರನ್ನು ಹೆಚ್ಚು ಮಡಿಚುತ್ತವೆ. ಬೆಂಗಳೂರು–ಮೈಸೂರು ದಶಪಥದಲ್ಲಿ ಕಾರಿಗೆ 100 ಕಿಲೋಮೀಟರ್ ವೇಗಮಿತಿ. ಅಷ್ಟು ವೇಗದಲ್ಲಿ ಗಂಟೆಗಟ್ಟಲೆ ಓಡಿದರೆ ಶಾಖ ಏರುತ್ತಲೇ ಇರುತ್ತದೆ. ಟೈರಿನ ಮೇಲೆ ಎಚ್ ಎಂದಿದ್ದರೆ 210 ಕಿಲೋಮೀಟರ್ ವೇಗ ತಾಳಬಲ್ಲದು ಎಂದರ್ಥ. ಆದರೆ ರಿಪೇರಿಯಾದ ಟೈರಿಗೆ ಆ ಭರವಸೆಯನ್ನು ಎಲ್ಲ ಕಂಪನಿಗಳೂ ಮುಂದುವರಿಸುವುದಿಲ್ಲ.

## ಪ್ಲಗ್ ಹಾಕಿಸಬಾರದ ಟೈರು

ಬದಿಯಲ್ಲಿ ಅಥವಾ ಬದಿ ಮತ್ತು ಟ್ರೆಡ್ ಕೂಡುವ ಭುಜದಲ್ಲಿ ತೂತಾಗಿದ್ದರೆ ಹಾಕಿಸಬಾರದು. ಅಲ್ಲಿ ಉಕ್ಕಿನ ಬೆಲ್ಟಿನ ಆಸರೆ ಇಲ್ಲ. ಪ್ರತಿ ಸುತ್ತಿನಲ್ಲೂ ಆ ಭಾಗ ಬಾಗಿ ನೆಟ್ಟಗಾಗುತ್ತದೆ. ಬದಿ ಉಬ್ಬಿದ್ದರೆ ಒಳಗಿನ ದಾರ ಕಡಿದಿದೆ ಎಂದು ತಿಳಿದು ಟೈರು ಬದಲಿಸಬೇಕು. 6 ಮಿಲಿಮೀಟರಿಗಿಂತ ದೊಡ್ಡ ತೂತು, ಸೀಳು, ಹಳೆಯ ರಿಪೇರಿಯ ಮೇಲೇರುವ ಹೊಸ ತೂತು ಇವೂ ಬೇಡ.

ಟೈರಿನ ವಯಸ್ಸನ್ನೂ ನೋಡಬೇಕು. ಬದಿಯಲ್ಲಿ ಡಾಟ್ (DOT) ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ಹತ್ತು ವರ್ಷಕ್ಕೆ ಹೇಗೂ ಬದಲಿಸಿ ಎನ್ನುವುದು ಮಿಶೆಲಿನ್‌ನಂಥ ಕಂಪನಿಗಳ ಸಲಹೆ. ಸುಕ್ಕು ಬಿರುಕು ಬಿಟ್ಟ ಟೈರಿಗೆ ಮಶ್ರೂಮ್ ಹಾಕಿಸುವುದು ದುಡ್ಡು ದಂಡ.

## ಟ್ಯೂಬ್ ತುರುಕುವುದು, ದ್ರವ ತುಂಬುವುದು

ಬದಿ ಹರಿದ ಟ್ಯೂಬ್‌ಲೆಸ್ ಟೈರಿಗೆ ಒಳಗೆ ಟ್ಯೂಬ್ ಹಾಕಿ ಓಡಿಸುವ ರೂಢಿ ಇದೆ. ಗಾಳಿ ನಿಲ್ಲುತ್ತದೆ ನಿಜ, ಆದರೆ ಕಡಿದ ದಾರ ಕೂಡುವುದಿಲ್ಲ. ಟೈರು ಮತ್ತು ಟ್ಯೂಬಿನ ತಿಕ್ಕಾಟದಿಂದ ಬಿಸಿ ಹೆಚ್ಚುತ್ತದೆ. ಮತ್ತೆ ಮೊಳೆ ಹೊಕ್ಕರೆ ಗಾಳಿ ನಿಧಾನವಾಗಿ ಇಳಿಯುವ ಟ್ಯೂಬ್‌ಲೆಸ್ಸಿನ ಗುಣವೂ ಹೋಗಿರುತ್ತದೆ.

ವಾಲ್ವಿನ ಮೂಲಕ ತುಂಬುವ ಸೀಲೆಂಟ್ ದ್ರವ ಟ್ರೆಡ್ಡಿನ ಸಣ್ಣ ತೂತಿಗೆ ತಕ್ಷಣದ ಉಪಾಯ. ಅದನ್ನು ಹಾಕಿದ ಮೇಲೆ 80 ಕಿಲೋಮೀಟರ್ ವೇಗದೊಳಗೆ ಹತ್ತಿರದ ಅಂಗಡಿಗೆ ಹೋಗಬೇಕು. ಪ್ಯಾಚ್ ಹಾಕುವವರಿಗೆ ದ್ರವ ಹಾಕಿರುವುದನ್ನು ಮೊದಲೇ ಹೇಳಬೇಕು. ಅದು ಒಳಮೈಗೆ ಮೆತ್ತಿಕೊಂಡಿರುವಾಗ ಅಂಟು ಹಿಡಿಯುವುದಿಲ್ಲ, ಒಳಗಿನ ಗಾಳಿ ಒತ್ತಡದ ಸೆನ್ಸರಿಗೂ ಮೆತ್ತಬಹುದು.

## ಸ್ಟೆಪ್ನಿ ಇಲ್ಲದ ಕಾರು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇರುವ ಪ್ರಯಾಣಿಕ ಕಾರುಗಳಿಗೆ ಅದೇ ವರ್ಷದ ಅಕ್ಟೋಬರಿನಿಂದ ಸ್ಟೆಪ್ನಿ ಕಡ್ಡಾಯವಲ್ಲ. ಬೂಟಿನ ಜಾಗ ಉಳಿಯುತ್ತದೆ, ಬ್ಯಾಟರಿ ಕೂರಿಸಬಹುದು ಎಂಬುದು ಇದರ ಹಿಂದಿನ ವಿಚಾರ. ಸ್ಟೆಪ್ನಿ ಕೊಡುವ ಕಾರುಗಳಲ್ಲೂ ಕೆಲವಕ್ಕೆ ತೆಳ್ಳಗಿನ, 80 ಕಿಲೋಮೀಟರ್ ಮೀರಬಾರದ ಚಕ್ರವಷ್ಟೇ ಬರುತ್ತದೆ.

ನಗರದಲ್ಲಿ ಇದು ನಡೆಯುತ್ತದೆ. ಮೊಬೈಲಿಗೆ ಸಿಗ್ನಲ್ ಸಿಗದ ಕಾಡುರಸ್ತೆಯಲ್ಲಿ ಬದಿ ಸೀಳಿದ ಟೈರಿಗೆ ಕಿಟ್ಟೂ ಇಲ್ಲ, ದ್ರವವೂ ಇಲ್ಲ. ಮಲೆನಾಡಿನಲ್ಲಿ ಕಾರು ಕೊಳ್ಳುವವರು ಪೂರ್ತಿ ಅಳತೆಯ ಸ್ಟೆಪ್ನಿ ಇದೆಯೇ ಎಂದು ಕೇಳುವುದು ನ್ಯಾಯ. ಇದ್ದರೆ ಅದರ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಬೇಕು. ಬೇಕಾದ ದಿನ ಜಾಕಿ ಹಚ್ಚಿ ಇಳಿಸಿದ ಸ್ಟೆಪ್ನಿಯೂ ಕೂತಿದ್ದರೆ ಅದನ್ನು ಹೊತ್ತು ತಿರುಗಿದ್ದಷ್ಟೇ ಲಾಭ.

## ಹಾಕಿಸಿದ ಮೇಲೆ

ಸ್ಟ್ರಿಪ್ ಹಾಕಿಸಿದ ಮರುದಿನ ಬೆಳಿಗ್ಗೆ, ಕಾರು ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ಅಳೆಯಬೇಕು. ವಾರ ಬಿಟ್ಟು ಇನ್ನೊಮ್ಮೆ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಹೆಚ್ಚಿನ ಕಾರುಗಳಿಗೆ ಅದು 30ರಿಂದ 35 ಪಿ.ಎಸ್.ಐ. ಒಳಗೆ. ಒಳ್ಳೆಯ ಟೈರೂ ತಿಂಗಳಿಗೆ ಒಂದೆರಡು ಪಿ.ಎಸ್.ಐ. ಇಳಿಯುತ್ತದೆ. ಸುಮಾರು 5–6 ಡಿಗ್ರಿ ಚಳಿ ಹೆಚ್ಚಿದರೆ ಒಂದು ಪಿ.ಎಸ್.ಐ. ಕಡಿಮೆ ತೋರಿಸುತ್ತದೆ. ಹಾಗಾಗಿ ಒಂದೇ ಚಕ್ರವನ್ನು ನೋಡದೆ ನಾಲ್ಕನ್ನೂ ಅಳೆದು ಹೋಲಿಸಬೇಕು. ಉಳಿದ ಮೂರಕ್ಕಿಂತ ಅದೊಂದೇ ಹೆಚ್ಚು ಇಳಿದಿದ್ದರೆ ಪ್ಲಗ್ ಸೋರುತ್ತಿದೆ.

ಮಶ್ರೂಮ್ ಹಾಕಿಸುವ ದಿನ ಟೈರು ಕಳಚಿದಾಗ ಹತ್ತಿರ ನಿಂತು ಒಳಮೈಯನ್ನು ಸ್ವಂತ ಕಣ್ಣಿನಿಂದ ನೋಡಬೇಕು. ಕರಿ ಪುಡಿ ಇಲ್ಲ, ಸವೆದ ಉಂಗುರ ಇಲ್ಲ, ತೂತು ನಡುಭಾಗದಲ್ಲಿದೆ ಎಂದಾದರೆ ಆ ಟೈರಿನಲ್ಲಿ ಘಟ್ಟ ಇಳಿಯಬಹುದು, ಬೆಂಗಳೂರಿಗೂ ಹೋಗಬಹುದು. ಅನುಮಾನವಿದ್ದರೆ ಹೊಸ ಟೈರು ಬರುವ ತನಕ ಅದನ್ನು ಕೊಪ್ಪದ ಸಂತೆಗೆ ಹೋಗಿಬರುವಷ್ಟಕ್ಕೆ ಇಟ್ಟುಕೊಂಡು, ದೂರದ ಪ್ರಯಾಣಕ್ಕೆ ಪೂರ್ತಿ ಅಳತೆಯ ಸ್ಟೆಪ್ನಿಯನ್ನೇ ಹಾಕಿಕೊಳ್ಳುವುದು ಲೇಸು.